ಅತಿಥಿಗೊಂದು ಕೈತುತ್ತು

"ಫೋಟೋಕ್ಕೆ ಸ್ವಲ್ಪ ನಗಿ ಅಬ್ರೆಹೆತ್! ಹಲ್ಲುನೋವಿನವರ ಥರ ನಿಂತಿದೀರಲ್ಲ," ಎಂದು ಜರ್ಮನಿಯ ಆ ಭಾಷಾಶಾಲೆಯ ಮುಖ್ಯಸ್ಥೆ ಡಿಟ್‌ಮಾರ್ ಮೇಜಿನಾಚೆಯಿಂದ ಕೂಗಿದಳು.

ಅಬ್ರೆಹೆತ್ ನಕ್ಕಳು. ಅವಳ ಮುಂದಿನ ಅಗಲ ತಟ್ಟೆಯಲ್ಲಿ ಇಂಜೆರಾ ಹಾಸಿತ್ತು. ಹುಳಿ ಹಿಟ್ಟಿನ ಮೆತ್ತನೆಯ ದೋಸೆ, ನಡುವೆ ಕೆಂಪಗೆ ಕುದಿಸಿದ ಮಾಂಸದ ಸಾರು. ಪ್ರತಿ ತಟ್ಟೆಗೂ ಅವರವರ ದೇಶದ ಕಾಗದದ ಬಾವುಟ ಚುಚ್ಚಿದ್ದರು. ಎರಿಟ್ರಿಯಾದಲ್ಲಿ ಯಾವ ಬಾವುಟದ ಕೆಳಗಿನಿಂದ ಅವಳು ಜೀವ ಕೈಯಲ್ಲಿ ಹಿಡಿದು ಓಡಿಬಂದಳೋ, ಅದನ್ನೇ ತಂದು ಅವಳ ಸಾರಿನೊಳಗೆ ನೆಟ್ಟಿದ್ದರು. ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಇದಕ್ಕೆ ಒಗ್ಗಟ್ಟಿನ ಉಪಾಹಾರ ಎಂದು ಹೆಸರು. ಸರ್ಕಾರದ ಖರ್ಚಿನಲ್ಲಿ ಜರ್ಮನ್ ಕಲಿಯುವವರು ಅಡುಗೆ ಮಾಡಿ ತರಬೇಕು, ದೊಡ್ಡವರು ಬಂದು ನೋಡಬೇಕು. ಈ ಸಲವಂತೂ ಡಿಟ್‌ಮಾರ್ ಮೊದಲೇ ಹೇಳಿಬಿಟ್ಟಿದ್ದಳು: "ನಗರಸಭೆಯವರು ಖುಷಿಯಾದ್ರೆ ಮಕ್ಕಳ ಕೋಣೆ ಉಳಿಯುತ್ತೆ. ಎಲ್ಲಾ ನಿಮ್ಮ ಕೈಲಿದೆ."

ತರಗತಿಯ ಪಕ್ಕದ ಆ ಕೋಣೆಯಲ್ಲಿ ಒಬ್ಬ ಆಯಾ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅದು ಮುಚ್ಚಿದರೆ ಪುಟ್ಟ ಮಗಳು ರಾಹ್ವಾಳನ್ನು ಎಲ್ಲಿ ಬಿಡುವುದು? ಗಂಡ ಬೆಳಗಾಗುವ ಮೊದಲೇ ಗೋದಾಮಿನ ಕೆಲಸಕ್ಕೆ ಹೊರಡುತ್ತಾನೆ. ಮಗು ಮನೆಯಲ್ಲಿದ್ದರೆ ತಾಯಿಯೂ ಮನೆಯಲ್ಲೇ. ಈಗಷ್ಟೇ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಮಾತಾಡತೊಡಗಿದ್ದ ಹೆಂಗಸು ಮತ್ತೆ ಮೂಗಿಯ ಹಾಗೆ ಕೂರಬೇಕು. ಹಾಗಾಗಿ ಮೊನ್ನೆಯೇ ಹಿಟ್ಟು ಕಲಸಿ ಹುದುಗಲು ಇಟ್ಟಿದ್ದಳು.

ನಗರಸಭೆಯ ಅಧಿಕಾರಿ ಬ್ರಿಂಕ್‌ಮನ್ ಸಹಾಯಕನೊಬ್ಬನ ಜೊತೆ ಬಂದ. "ಆಹಾ, ಏನು ಬಣ್ಣ, ಏನು ಬಣ್ಣ!" ಎಂದ. ತಿನ್ನುವ ವಸ್ತುವನ್ನು ಸೀರೆ ಅಂಗಡಿಗೆ ಬಂದವರ ಹಾಗೆ ನೋಡುವವರನ್ನು ಕಂಡರೆ ಮೈ ಉರಿಯುತ್ತದೆ.

"ಇಲ್ಲಿ ನಾವೆಲ್ಲ ಒಂದೇ ಮನೆಯವರು," ಎಂದಳು ಡಿಟ್‌ಮಾರ್.

ಆ ಮಾತನ್ನು ಅಬ್ರೆಹೆತ್ ನಂಬಿದಳು. ಅವಳ ಊರ ಕಡೆ, ಮನೆಗೆ ಬಂದ ಗೌರವಸ್ಥನಿಗೆ ಮನೆಯಾಕೆ ತನ್ನ ಕೈಯಾರೆ ತುತ್ತು ಕಟ್ಟಿ ಬಾಯಿಗಿಡುತ್ತಾಳೆ. ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಇಂಜೆರಾ ಹರಿದು, ಒಳ್ಳೆಯ ಮಾಂಸದ ತುಂಡು ಆರಿಸಿ, ಸುತ್ತಿ, ಬ್ರಿಂಕ್‌ಮನ್‌ನ ಬಾಯಿಯ ಹತ್ತಿರ ಹಿಡಿದಳು.

ಅವನು ಕುರ್ಚಿಗೆ ಎಡವುವಷ್ಟು ಹಿಂದೆ ಸರಿದ. "ಬೇಡ ಬೇಡ! ನನಗೆ... ಇವತ್ತು ಹೊಟ್ಟೆ ಸರಿ ಇಲ್ಲ."

ಡಿಟ್‌ಮಾರ್ ಕಿಲಕಿಲನೆ ನಕ್ಕಳು. ಅವನು ಕಾಗದದ ಕರವಸ್ತ್ರದಲ್ಲಿ, ಸತ್ತ ಹಲ್ಲಿ ಎತ್ತುವಂತೆ ಎರಡೇ ಬೆರಳಲ್ಲಿ ತುತ್ತನ್ನು ತೆಗೆದುಕೊಂಡು, "ಆಮೇಲೆ ತಿಂತೀನಿ" ಎಂದ. ಬಾಗಿಲ ಬಳಿ ಹೋಗಿ, ಯಾರೂ ನೋಡುತ್ತಿಲ್ಲವೆಂದುಕೊಂಡು ಬುಟ್ಟಿಗೆ ಬಿಟ್ಟ. ಆಮೇಲೆ ಜೇಬಿನಿಂದ ಸೀಸೆ ತೆಗೆದು ಕೈಗೆ ಸ್ಯಾನಿಟೈಸರ್ ಉಜ್ಜಿಕೊಂಡ. ಥೂ! ಅಬ್ರೆಹೆತ್ ಎಲ್ಲವನ್ನೂ ನೋಡಿದಳು.

"ಅಕ್ಕಾ, ಅವನನ್ನ ಬಿಡು, ಅತ್ತ ನೋಡು," ಎಂದು ಪಕ್ಕದ ತಟ್ಟೆಯ ಸಿರಿಯಾದ ಘಿಯಾಸ್ ಪಿಸುಗುಟ್ಟಿದ. "ಆ ಸಹಾಯಕ ಊಟಕ್ಕೆ ಬಂದೋನಲ್ಲ."

ಸಹಾಯಕ ಮಕ್ಕಳ ಕೋಣೆಯಲ್ಲಿ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. "ಇಲ್ಲಿ ಕಪಾಟು ಹಿಡಿಯುತ್ತೆ, ಅಲ್ಲಿ ಮೇಜು," ಎನ್ನುತ್ತಿದ್ದ. ಟೇಪು ಅಡ್ಡ ಬಂದಾಗ ರಾಹ್ವಾ ತನ್ನ ಗೊಂಬೆಯನ್ನು ಎತ್ತಿಕೊಂಡು ಮೂಲೆಗೆ ಸರಿದಳು.

ಅತಿಥಿಗಳು ಕೈಕುಲುಕಿ ಹೊರಟ ಮೇಲೆ ಅಬ್ರೆಹೆತ್ ನೇರವಾಗಿ ಕೇಳಿದಳು, "ಕೋಣೆ?"

"ಅದನ್ನ ಮುಚ್ಚೋದು ಹೋದ ತಿಂಗಳೇ ತೀರ್ಮಾನ ಆಗಿತ್ತಮ್ಮ. ಹಬ್ಬದಂಥ ದಿನ ನಿಮ್ಮ ಮನಸ್ಸು ಯಾಕೆ ಕೆಡಿಸೋದು ಅಂತ ಹೇಳ್ಲಿಲ್ಲ," ಎಂದಳು ಡಿಟ್‌ಮಾರ್. ದನಿಯಲ್ಲಿ ಜೇನು ಸುರಿಯುತ್ತಿತ್ತು. "ಹಾಂ, ಇನ್ನೊಂದು. ಬೇರೆಯವರ ಬಾಯಿಗೆ ಕೈ ಹಾಕೋದು ಇಲ್ಲಿ ನಡೆಯಲ್ಲ. ಪಾಪ, ಅವರು ಹೆದರಿಬಿಟ್ರು. ಸರಿ, ಉಳಿದಿದ್ದೆಲ್ಲ ಬಿಸಾಕಿ, ನಿಯಮ. ಅಡುಗೆ ಯಾವ ಡಬ್ಬಕ್ಕೆ? ಪೂರ್ತಿ ವಾಕ್ಯದಲ್ಲಿ ಹೇಳಿ!"

"ಅಡುಗೆ ಕಂದು ಡಬ್ಬಕ್ಕೆ ಹೋಗುತ್ತದೆ," ಎಂದು ತರಗತಿ ರಾಗವಾಗಿ ಒಪ್ಪಿಸಿತು.

"ಕಾಗದ?"

"ಕಾಗದ ನೀಲಿ ಡಬ್ಬಕ್ಕೆ ಹೋಗುತ್ತದೆ."

"ಶಭಾಷ್!" ಡಿಟ್‌ಮಾರ್ ಚಪ್ಪಾಳೆ ತಟ್ಟಿದಳು.

ಅಬ್ರೆಹೆತ್ ಬಾವುಟವನ್ನು ಸಾರಿನಿಂದ ಕಿತ್ತು ನೀಲಿ ಡಬ್ಬಕ್ಕೆ ಹಾಕಿದಳು. ವಾಪಸು ಬಂದು ಇಂಜೆರಾ ಹರಿದಳು. ನಿಧಾನವಾಗಿ, ಅಂಚು ಬಿಚ್ಚದಂತೆ ಸುತ್ತಿ, ಡಿಟ್‌ಮಾರ್‌ಳ ಎದುರು ಹೋಗಿ ಬಾಯಿಯ ಹತ್ತಿರ ಹಿಡಿದಳು.

"ಒಂದೇ ಮನೆಯವರು ಅಂದ್ರಲ್ಲ," ಎಂದಳು. "ತೆಗೀರಿ ಬಾಯಿ."

ಯಾರೂ ತಟ್ಟೆ ಎತ್ತಲಿಲ್ಲ. ಡಿಟ್‌ಮಾರ್‌ಳ ತುಟಿಗಳು ಬಿಗಿದುಕೊಂಡವು. ಕೆಂಪು ಸಾರು ಅಬ್ರೆಹೆತ್‌ಳ ಮುಂಗೈಯಿಂದ ಮೊಣಕೈಗೆ ಇಳಿಯತೊಡಗಿತು. ಕೋಣೆಯಿಂದ ಓಡಿಬಂದ ರಾಹ್ವಾ, ತುತ್ತು ತನಗೇ ಇರಬೇಕೆಂದು, ಅವರಿಬ್ಬರ ನಡುವೆ ನಿಂತು ತಲೆಯೆತ್ತಿ ಬಾಯಿ ತೆರೆದಳು.

ಅಬ್ರೆಹೆತ್ ಕೈ ಇಳಿಸಲಿಲ್ಲ.