ಹೊಳೆವ್ವನ ಉಡಿ

ಆ ಭಾನುವಾರ ಬೆಳಗ್ಗೆ ಚಿತ್ತಾ ಮಳೆ ನಿಂತೂ ಇರಲಿಲ್ಲ, ಸುರಿಯುತ್ತಲೂ ಇರಲಿಲ್ಲ. ಮೇಲೆ ಯಾರೋ ಹಿಟ್ಟು ಜರಡಿ ಹಿಡಿದ ಹಾಗೆ ಬಿಟಿಎಂ ಲೇಔಟಿನ ಮೇಲೆ ಸಣ್ಣಗೆ ಉದುರುತ್ತಿತ್ತು. ಬೀದಿದೀಪದ ಬೆಳಕಿಗೆ ಬಂದಾಗ ಮಾತ್ರ ಅದು ಮಳೆಯೆಂದು ಕಾಣುತ್ತಿತ್ತು. ಕತ್ತಲಲ್ಲಿ ಬರಿಯ ತಂಪು.

ಸಿದ್ದಾರೂಢ ಮುಖ ತೊಳೆದು ಹೊರಗೆ ಬರುವಷ್ಟರಲ್ಲಿ ಮೆಟ್ಟಿಲ ಕೆಳಗಿದ್ದ ಅವನ ಗೇರ್ ಸೈಕಲ್ಲಿಗೆ ಪೂಜೆಯೇ ಮುಗಿದುಹೋಗಿತ್ತು. ಹ್ಯಾಂಡಲಿಗೆ ಸೇವಂತಿಗೆ. ಎರಡೂ ಗಾಲಿಗಳ ಅಂಚಿಗೆ ಸುತ್ತಲೂ ಎಣ್ಣೆಯಲ್ಲಿ ಕಲಸಿದ ಅರಿಶಿನ. ತಾಯಿ ಶರಣಮ್ಮ ಬೆರಳು ಒರೆಸಿಕೊಳ್ಳುತ್ತಾ ನಿಂತಿದ್ದಳು.

"ಇದು ಚಕ್ಕಡಿ ಅಲ್ಲಬೇ ಯವ್ವಾ."

"ಗಾಲಿ ಅದಾವಿಲ್ಲೋ? ಹೊಳೆವ್ವನ ಕಡೆ ಹೊಂಟೈತಿ. ಎಣ್ಣಿ ಹಚಗೊಂಡು ಹೋಗಲಿ."

ಶರಣಮ್ಮ ಮಲಪ್ರಭೆಯ ದಂಡೆಯ ಊರಿನವಳು. ಮದುವೆಯಾದ ವರ್ಷದಿಂದ ಒಂದು ಶ್ರಾವಣವನ್ನೂ ಬಿಡದೆ ಹೊಳೆಗೆ ಉಡಿ ತುಂಬುತ್ತಾ ಬಂದಿದ್ದಳು. ಹೊಳೆಯೆಂದರೆ ಅವಳಿಗೆ ಕೊಟ್ಟ ಮನೆಗೆ ಹೋದ ಮಗಳು. ವರ್ಷಕ್ಕೊಮ್ಮೆ ಅವಳ ಮಡಿಲಿಗೆ ಅಕ್ಕಿ, ಕಾಯಿ, ಬಳೆ, ರವಿಕೆಯ ಖಣ ಹಾಕಿ ಕಳಿಸಬೇಕು. ಉಡಿ ತುಂಬಿಸಿಕೊಂಡ ಮಗಳು ಅದರಿಂದ ನಾಲ್ಕು ಕಾಳು ತೆಗೆದು ತವರಿಗೇ ಮರಳಿ ಕೊಡುತ್ತಾಳಲ್ಲ, ಹಾಗೆ ಹೊಳೆ ತೋಯಿಸಿ ಕೊಟ್ಟ ನಾಲ್ಕು ಕಾಳನ್ನು ಶರಣಮ್ಮ ತಂದು ಮನೆಯ ಅಕ್ಕಿಯಲ್ಲಿ ಕೂಡಿಸುತ್ತಿದ್ದಳು.

ಈ ಶ್ರಾವಣದಲ್ಲಿ ಅದೊಂದೂ ಆಗಲಿಲ್ಲ. ಗಂಡ ಹೊಳೆಪ್ಪನ ಕಣ್ಣಿನ ಆಪರೇಷನ್ನಿಗೆಂದು ಮಗನ ಬಾಡಿಗೆ ಮನೆಗೆ ಬಂದವಳು ಇಲ್ಲೇ ಉಳಿದಳು. ಅವನ ಕಣ್ಣಿಗೆ ಹೊತ್ತುಹೊತ್ತಿಗೆ ಹನಿ ಹಾಕಬೇಕು. ಅವಳ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಗೊಡದು. ದಸರಾ ಕಳೆಯಿತು. ದೀಪಾವಳಿ ಅಮಾವಾಸ್ಯೆಯೊಳಗೆ ಉಡಿ ತುಂಬದಿದ್ದರೆ ಮಗಳನ್ನು ಬಾಗಿಲಿಂದ ಬರಿಗೈಲಿ ಕಳಿಸಿದಂತೆ ಎಂದು ಅವಳು ತಟ್ಟೆಯಲ್ಲಿ ರೊಟ್ಟಿ ಬಿಟ್ಟು ಏಳತೊಡಗಿದಳು. ಕೊರಿಯರ್ ಕಚೇರಿಯ ಕೆಲಸದ ಸಿದ್ದಾರೂಢನಿಗೆ ಭಾನುವಾರವೊಂದೇ ಬಿಡುವು. ಈ ಭಾನುವಾರ ಸೈಕಲ್ ಗೆಳೆಯರ ಹೊಸ ದಾರಿ ಅರ್ಕಾವತಿ ಕಣಿವೆಗೆ ಇಳಿಯುತ್ತದೆಂದು ಕೇಳಿದ್ದೇ, "ನಾ ಮುಟ್ಟಸ್ತೀನಿ ಬಿಡು" ಎಂದಿದ್ದ.

"ಅದು ನಮ್ಮ ಮಲಪ್ರಭಾ ಅಲ್ಲ ಮತ್ತ. ಅರ್ಕಾವತಿಗೆ ಸೇರೂ ಸಣ್ಣ ಹೊಳಿ."

"ಸಣ್ಣದಿದ್ದರೇನಾತು, ಹರಿಯಾಕತ್ತೈತಿಲ್ಲೋ? ಎಲ್ಲಾ ಅಕ್ಕ-ತಂಗೇರ." ಹಸಿರು ಖಣದ ಗಂಟನ್ನು ಅವನ ಬ್ಯಾಗಿಗಿಟ್ಟು, ಅದರ ಮೇಲೊಂದು ವಿಭೂತಿ ಗಟ್ಟಿಯನ್ನೂ ಇಟ್ಟಳು. "ನೀ ಗಂಡಸು, ನಿನ್ನ ಕೈಲೆ ಬ್ಯಾಡ. ಅಲ್ಲೆ ಯಾರರ ಮುತ್ತೈದಿ ಸಿಕ್ಕರ ತುಂಬಸು."

"ಗುಡ್ಡದಾಗ ಮುತ್ತೈದಿ ಎಲ್ಲಿ ಸಿಗ್ತಾಳ?"

"ನೀರಿದ್ದಲ್ಲೆ ಹೆಣ್ಮಕ್ಕಳು ಇರ್ತಾರ. ಹೋಗಿ ಬಾ."

ತಲಘಟ್ಟಪುರದ ಇಡ್ಲಿ ಅಂಗಡಿಯ ಮುಂದೆ ಸೀನು ಮತ್ತು ಇಂಚರ ಕಾಯುತ್ತಿದ್ದರು. ಸೀನು ಜಯನಗರದವನು, ವಿಮಾ ಕಚೇರಿಯಲ್ಲಿ ಅಧಿಕಾರಿ. ರಜೆ ಬಂತೆಂದರೆ ಕನಕಪುರ ರಸ್ತೆಯಾಚೆಯ ಗುಡ್ಡಗಳಲ್ಲಿ ಸೈಕಲ್ ಹೋಗಬಲ್ಲ ದಾರಿ ಹುಡುಕುವುದೇ ಅವನ ತಪಸ್ಸು. ಇಂಚರ ಜೆಪಿ ನಗರದ ಹಲ್ಲಿನ ಡಾಕ್ಟರು.

"ಏನ್ ಗುರು, ಸೈಕಲ್ಲಿಗೆ ಮದುವೆನಾ? ಅರಿಶಿನ ಶಾಸ್ತ್ರ ಮುಗಿಸ್ಕೊಂಡೇ ಬಂದಿದೆ!" ಎಂದ ಸೀನು.

"ಸಖತ್ತಾಗಿದೆ," ಎಂದಳು ಇಂಚರ. "ನನ್ನ ಗಂಡ ಚಿರಂತ್ ನಮ್ಮ ಮದುವೆ ದಿನಾನೂ ಇಷ್ಟು ಹಳದಿ ಆಗಿರ್ಲಿಲ್ಲ."

"ಬ್ಯಾಗಲ್ಲೇನಪ್ಪ, ಬಂಡೆ ಹೊತ್ಕೊಂಡು ಬಂದಿದ್ದೀಯ?"

"ಊಟ ರೀ ಸಾರ್," ಎಂದ ಸಿದ್ದಾರೂಢ. ಹೋದ ತಿಂಗಳು ಜೊತೆಗೆ ಬಂದವನೊಬ್ಬ ದಾರಿಯ ಪ್ರತಿ ಆಂಜನೇಯನಿಗೂ ಇಳಿದು ಕೈಮುಗಿದು ಮಧ್ಯಾಹ್ನ ಮಾಡಿದ್ದ. ಇನ್ನು ರೈಡಿನಲ್ಲಿ ದೇವರ ಕೆಲಸ ಬೇಡವೆಂದು ಸೀನು ಕಟ್ಟಪ್ಪಣೆ ಮಾಡಿದ್ದು ಅವನಿಗೆ ನೆನಪಿತ್ತು.

ಹಾರೋಹಳ್ಳಿ ದಾಟಿ ಡಾಂಬರು ಬಿಟ್ಟರು. ತೆನೆ ತುಂಬಿದ ರಾಗಿ ಹೊಲಗಳು ಮಳೆಗೆ ತಲೆಬಾಗಿದ್ದವು. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಹೋದರು. ಮುಂದೆ ಏರು ಶುರುವಾಯಿತು. ಸಣ್ಣ ಗೇರಿನಲ್ಲಿ ಉಸಿರಿಗೊಂದು ತುಳಿತ, ತುಳಿತಕ್ಕೊಂದು ಉಸಿರು. ಆ ಲಯದಲ್ಲಿ ಸಿದ್ದಾರೂಢನಿಗೆ ಶಿವನಾಮ ತಾನಾಗಿ ಬಾಯಿಗೆ ಬಂತು. ಕಲ್ಲು, ಕೆಸರು, ಬೇರು ಯಾವುದನ್ನೂ ಬೈಯಬೇಕೆನಿಸಲಿಲ್ಲ.

ನೆತ್ತಿಗೆ ಬಂದಾಗ ಕಣಿವೆ ತೆರೆದುಕೊಂಡಿತು. ಮೋಡಗಳು ಗುಡ್ಡದಿಂದ ಗುಡ್ಡಕ್ಕೆ ಮೇಯುತ್ತಾ ಹೋಗುತ್ತಿದ್ದವು. ತಳದಲ್ಲಿ ಹೊಳೆ, ಹೊಂಗೆ ಮರಗಳ ನಡುವೆ ಒಮ್ಮೆ ಕಂಡು ಒಮ್ಮೆ ಮರೆಯಾಗಿ, ತನ್ನ ಪಾಡಿಗೆ ನಡೆದಿತ್ತು.

ಇಳಿಯುವಾಗ ಸೀನು ಮುಂದೆ, ಇಂಚರ ನಡುವೆ, ಸಿದ್ದಾರೂಢ ಕೊನೆಗೆ. ಮೊದಲ ತಿರುವಿನಲ್ಲಿ ಅವನು ಬ್ರೇಕು ಹಿಡಿದ. ಗಾಲಿ ನಿಲ್ಲಲಿಲ್ಲ. ಬೆಳಗಿನಿಂದ ಬ್ರೇಕು ಜಾರುತ್ತಿದ್ದದ್ದು ಮಳೆಗೆ ಎಂದುಕೊಂಡಿದ್ದ. ಈಗ ಎರಡೂ ಕೈ ಬಿಗಿದು ಹಿಂಡಿದರೂ ರಬ್ಬರು ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. ತಿರುವಿನಾಚೆ ಇಂಚರಳ ಬೆನ್ನು ಕಂಡಿತು. "ಅಕ್ಕಾ, ಸರೀರೀ!" ಎಂದು ಕೂಗಿ, ಸೈಕಲ್ಲನ್ನು ಪಕ್ಕದ ಲಾಂಟಾನ ಪೊದೆಗೆ ತಿರುಗಿಸಿದ.

ಇಬ್ಬರೂ ಓಡಿ ಬಂದು ಎಳೆದರು. ಮೈ ತರಚಿತ್ತು, ಮೂಳೆ ಮುರಿದಿರಲಿಲ್ಲ. ಸಿದ್ದಾರೂಢ ಮೊದಲು ಬ್ಯಾಗಿನೊಳಗೆ ಕೈಹಾಕಿ ಗಂಟು ಮುಟ್ಟಿ ನೋಡಿದ. ಬಿಚ್ಚಿರಲಿಲ್ಲ.

ಸೀನು ಗಾಲಿಯ ಅಂಚಿಗೆ ಬೆರಳಾಡಿಸಿ ಮೂಸಿದ. "ಎಣ್ಣೆ! ಬ್ರೇಕ್ ಹಿಡಿಯೋ ಜಾಗಕ್ಕೆ ಎಣ್ಣೆ ಹಚ್ಕೊಂಡು ಬಂದಿದ್ದೀಯಲ್ಲೋ ಮಹಾರಾಯ! ಸಾಕು, ಇವತ್ತು ಇಳಿಯೋದು ಬೇಡ. ನೆತ್ತಿ ಮೇಲಿನ ದಾರಿಲೇ ವಾಪಸ್ ಹೋಗೋಣ."

"ಸಾರ್, ನಾ ಇಳೀಲೇಬೇಕ್ರೀ. ನೂಕ್ಕೊಂಡಾದ್ರೂ ಹೋಗ್ತೀನಿ."

"ಈ ಕೆಸರಲ್ಲಿ ನೂಕ್ಕೊಂಡು ಹೋದ್ರೆ ಸಂಜೆ ಆಗತ್ತೆ. ಕೆಳಗೇನಿದೆ ಅಂಥದ್ದು?"

ಸಿದ್ದಾರೂಢ ಗಂಟನ್ನು ಹೊರಗೆ ತೆಗೆದ. ಎಲ್ಲವನ್ನೂ ಹೇಳಿದ: ಶ್ರಾವಣ, ಅಪ್ಪನ ಕಣ್ಣು, ಅವ್ವನ ಮೊಣಕಾಲು, ಹೊಳೆ ಮರಳಿ ಕೊಡುವ ನಾಲ್ಕು ಕಾಳು, ತಟ್ಟೆಯಲ್ಲಿ ಉಳಿಯುವ ರೊಟ್ಟಿ. "ಮುಂದಿನ ವಾರ ಬರೂಣು ಅಂದ್ರ ಅಮಾಸಿ ದಾಟಿ ಹೋಗತೈತ್ರೀ ಸಾರ್."

ಸೀನು ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ. "ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ನೀವ ದೇವರ ಕೆಲಸ ಬ್ಯಾಡ ಅಂದಿದ್ರಲ್ಲ."

"ಅಂದಿದ್ದೆ. ಅದು ಆಂಜನೇಯನ ವಿಷಯ ಕಣೋ!"

ಇಂಚರ ನಕ್ಕುಬಿಟ್ಟಳು. "ನಮ್ಮಜ್ಜಿ ಎಣ್ಣೆ ಪಾತ್ರೆಗೆ ಬೂದಿ ಹಾಕಿ ಉಜ್ಜೋರು. ಬೂದಿ ಇದ್ದಿದ್ರೆ ಆಗ್ತಿತ್ತು."

ಸಿದ್ದಾರೂಢ ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ಹಿಡಿದು ತಡೆದ. ಹಣೆಗೆ ಹಚ್ಚುವುದನ್ನು ಗಾಲಿಗೆ ಉಜ್ಜುವುದೇ?

"ಎಣ್ಣೆ ಹಚ್ಚಿದ್ದು ನಿಮ್ಮಮ್ಮ," ಎಂದ ಸೀನು ಮೆಲ್ಲಗೆ. "ಇದನ್ನ ಕೊಟ್ಟೋರೂ ಅವರೇ ತಾನೆ?"

ಸಿದ್ದಾರೂಢ ಅದರಲ್ಲಿ ಒಂದಿಷ್ಟು ಹಣೆಗಿಟ್ಟುಕೊಂಡು, ಉಳಿದದ್ದನ್ನು ಪುಡಿ ಮಾಡಿದ. ಸೀನು ತನ್ನ ಟವೆಲನ್ನೇ ಹರಿದ. ಉಜ್ಜಿದರು, ಒರೆಸಿದರು, ಬ್ರೇಕಿನ ರಬ್ಬರನ್ನು ಕಲ್ಲಿಗೆ ತಿಕ್ಕಿ ಮತ್ತೆ ಉಜ್ಜಿದರು. ಅರಿಶಿನ ಹೋಗಿ ಗಾಲಿ ಬೆಳ್ಳಗಾಯಿತು. ಬ್ರೇಕು ಹಿಡಿದಾಗ ಕೀಚೆಂದು ಕೂಗಿ ನಿಂತಿತು.

"ಕೇಳಿದ್ಯಾ? ಶಂಖ ಊದ್ತಿದೆ," ಎಂದ ಸೀನು. "ನಡೀರಿ. ನಿಧಾನ."

ಹೊಳೆಯ ದಂಡೆಯಲ್ಲಿ ಯಾರೂ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲೂ ಮಳೆಗೆ ಖಾಲಿ ಕೂತಿತ್ತು. ಸಿದ್ದಾರೂಢ ಅತ್ತಿತ್ತ ನೋಡಿ, ಕೊನೆಗೆ ಇಂಚರಳತ್ತ ತಿರುಗಿದ. ಅವಳು ಬೂಟು ಬಿಚ್ಚುತ್ತಿದ್ದಳು. ಕೆಸರಾದ ಕಾಲಿನಲ್ಲಿ ಕಾಲುಂಗುರ ಕಂಡಿತು.

"ಅಕ್ಕಾರ, ನಿಮ್ಮ ಕೈಲೆ ತುಂಬತೀರೇನ್ರೀ?"

"ನಾನಾ? ಹೆಲ್ಮೆಟ್ ಹಾಕ್ಕೊಂಡು?"

"ಹೊಳೆಗೇನು, ಅದು ನಿಮ್ಮ ಪೇಷಂಟ್ ಅಲ್ಲ ಬಿಡಿ, ಹೆದರ್ಕೊಳಲ್ಲ," ಎಂದ ಸೀನು.

ಇಂಚರ ಹೆಲ್ಮೆಟ್ ಕಳಚಿದಳು, ಗ್ಲೌಸ್ ಕಳಚಿದಳು. ಮೊಣಕಾಲುದ್ದ ನೀರಿನಲ್ಲಿ ನಿಂತು ಅರಿಶಿನ ಕುಂಕುಮ ಬಿಟ್ಟಳು. ಅಕ್ಕಿಯನ್ನು ಹಿಡಿಹಿಡಿಯಾಗಿ ಹಾಕಿದಳು, ಕಾಯಿ ತೇಲಿಬಿಟ್ಟಳು, ಹಸಿರು ಖಣ ನೀರಿನ ಮೇಲೆ ಬಿಚ್ಚಿಕೊಂಡು ಹೋಯಿತು. ಅವಳ ತುಟಿಗಳು ಅಲುಗುತ್ತಿದ್ದವು. ಸೀನು ತನಗೆ ತಿಳಿಯದಂತೆಯೇ ಕೈಮುಗಿದಿದ್ದ. ಕೊನೆಗೊಮ್ಮೆ ಅವಳು ಬೆನ್ನು ತಿರುಗಿಸಿ ನೀರಿಗೆ ಬಾಗಿ ಎದ್ದಳು. ದಡಕ್ಕೆ ಬಂದು ಬಲಗೈಗೆ ಮಾತ್ರ ಗ್ಲೌಸ್ ಹಾಕಿಕೊಂಡಳು. ಎಡಗೈಯದನ್ನು ಮಡಚಿ ಜೇಬಿಗಿಟ್ಟಳು.

"ಇನ್ನೊಂದನ್ನೂ ಹೊಳೆಗೆ ಕೊಟ್ರಾ ಡಾಕ್ಟ್ರೇ?" ಎಂದು ಸೀನು ದಾರಿಯುದ್ದಕ್ಕೂ ಕಾಡಿಸಿದ. ಅವಳು ನಕ್ಕು ಮುಂದೆ ತುಳಿದಳು.

ಬಿಟಿಎಂನ ಮನೆಗೆ ಅವಳೂ ಜೊತೆಗೇ ಬಂದಳು. ಬಾಗಿಲಲ್ಲಿ ಶರಣಮ್ಮ ಕಾದಿದ್ದಳು. ಬಿಳಿಯಾದ ಗಾಲಿ, ತರಚಿದ ಮೊಣಕೈ ಯಾವುದನ್ನೂ ಕೇಳಲಿಲ್ಲ.

"ಮುಟ್ಟಿತೇನೋ?"

"ಮುಟ್ಟಿತಬೇ. ಈ ಅಕ್ಕಾರ ತುಂಬಿದ್ರು."

"ತಣ್ಣಗಿರವಾ ನನ್ನ ತಾಯಿ." ಶರಣಮ್ಮ ಮಗನತ್ತ ತಿರುಗಿದಳು. "ಹೊಳೆವ್ವ ಮರಳಿ ಏನರ ಕೊಟ್ಟಳೇನು?"

ಸಿದ್ದಾರೂಢನಿಗೆ ಆಗ ನೆನಪಾಯಿತು. ಅವನು ಬರಿಗೈ ನೋಡಿಕೊಂಡು ನಿಂತ.

ಇಂಚರ ಜೇಬಿನಿಂದ ಎಡಗೈ ಗ್ಲೌಸ್ ತೆಗೆದಳು. ಅದನ್ನು ಬೋರಲು ಹಿಡಿದು ಶರಣಮ್ಮನ ಅಂಗೈಗೆ ನಾಲ್ಕು ತೊಯ್ದ ಅಕ್ಕಿಕಾಳು ಉದುರಿಸಿದಳು.