ಗೌಡರು ಎತ್ತಿದ ಕುರ್ಚಿ

ನಾನು ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿಯಾಗಿ ಈಚೆ ಬಂದಾಗ, ಜನರನ್ನು ಕೂರಿಸಿಕೊಳ್ಳುವುದೇ ನನ್ನ ಕೆಲಸ ಎಂದು ನಂಬಿದ್ದೆ. ಹಾರುವುದನ್ನೂ ಕಲಿಯಬೇಕಾದೀತೆಂದು ಯಾರೂ ಹೇಳಿರಲಿಲ್ಲ.

ಮಂಡ್ಯದ ಕಡೆಯ ಒಂದು ಊರಿನ ಶಾಮಿಯಾನದ ಸುಂದ್ರಮ್ಮ ನನ್ನನ್ನು ಕೊಂಡರು. ಮದುವೆ, ನಾಮಕರಣಗಳಲ್ಲಿ ಸುಖವಾಗಿಯೇ ಇದ್ದೆ. ಕಬಡ್ಡಿ ಪಂದ್ಯ ಬಂತೆಂದರೆ ಮಾತ್ರ ಆ ಸುಖ ಮುಗಿಯಿತು. ಮೊದಲ ಸಾಲಿನಲ್ಲಿ ಊರಿನ ಹಿರಿಯ ಮರಿಸಿದ್ದೇಗೌಡರು ನನ್ನ ಮೇಲೆಯೇ ಕೂರುತ್ತಿದ್ದರು. ತಮ್ಮೂರಿನ ಹುಡುಗ ಔಟ್ ಎಂದು ಅಂಪೈರ್ ಶಿವನಂಜ ಮೇಷ್ಟ್ರು ಕೈ ಎತ್ತಿದರೆ ಸಾಕು, ಇವರು ನನ್ನನ್ನು ಎತ್ತಿ ಬೀಸುತ್ತಿದ್ದರು. ಮೇಷ್ಟ್ರು ಬಗ್ಗುವುದನ್ನು ಕಲಿತರು. ನಾನು ಉರುಳುವುದನ್ನು ಕಲಿತೆ.

ಒಂದು ವರ್ಷ ಮೇಷ್ಟ್ರು ಮೊದಲೇ ಹೇಳಿಬಿಟ್ಟರು: "ಇನ್ನೊಂದ್ ಕುರ್ಚಿ ಹಾರ್ಲಿ, ಈ ಊರಲ್ಲಿ ಕಬಡ್ಡಿ ಮುಗೀತು. ನಾನೂ ಬರಲ್ಲ, ಇನ್ಯಾವ ಅಂಪೈರೂ ಬರಲ್ಲ." ಊರಿಗೆ ಊರೇ ಕಂಗಾಲಾಯಿತು. ನನಗಂತೂ ನನ್ನ ಕಾಲುಗಳದೇ ಚಿಂತೆ.

ಸುಂದ್ರಮ್ಮ ಮಾತ್ರ ನಕ್ಕರು. ಗೌಡರ ಮಗಳನ್ನು ಎದುರು ತಂಡದ ಊರಿಗೇ ಕೊಡುವುದೆಂದು ಆ ವಾರವಷ್ಟೇ ನಿಶ್ಚಯವಾಗಿತ್ತು. ಆ ಹೊಸ ಬೀಗರನ್ನು ಪಂದ್ಯಕ್ಕೆ ಕರೆಸಿ, ಗೌಡರ ಪಕ್ಕದಲ್ಲೇ ಕುರ್ಚಿ ಹಾಕಿಸಿದರು. ಬೀಗರ ಮುಂದೆ ಜೋರಾಗಿ ಸೀನುವುದಕ್ಕೂ ಯೋಚಿಸುವ ಸೀಮೆ ನಮ್ಮದು. ಗೌಡರು ಹಲ್ಲು ಕಚ್ಚಿಕೊಂಡು, ನನ್ನ ಎರಡೂ ಕೈಗಳನ್ನು ಹಿಂಡುತ್ತ ಕೂತರು.

ಪಂದ್ಯ ಮುಗಿಯುವ ಹೊತ್ತಿಗೆ ಗೌಡರ ಊರಿನ ಹುಡುಗ ಔಟಾದ. ಅಭ್ಯಾಸಬಲ! ನಾನು ಆಗಲೇ ಗೌಡರ ತಲೆಯ ಮೇಲಿದ್ದೆ. ಬೀಗರು ತಿರುಗಿ ನೋಡಿದರು. ಗೌಡರು ನನ್ನನ್ನು ಮೆಲ್ಲಗೆ ಇಳಿಸಿ, ಹೆಗಲ ಟವೆಲ್ಲಿನಿಂದ ಒರೆಸಿ, "ಇದ್ರಲ್ ಕೂತ್ಕಳಿ ಬೀಗ್ರೇ, ಇದು ಗಟ್ಟಿಯಾಗೈತೆ" ಎಂದರು.

ಬೀಗರು ಸಂತೋಷವಾಗಿ ಕೂತರು. ಅಷ್ಟರಲ್ಲಿ ಮೇಷ್ಟ್ರು ಬೀಗರ ಊರಿನ ಹುಡುಗನಿಗೂ ಔಟ್ ಕೊಟ್ಟರು. ನಾನು ಮತ್ತೆ ಮೇಲೆ, ಈ ಸಲ ಬೀಗರ ತಲೆಯ ಮೇಲೆ!

"ಬ್ಯಾಡಿ ಬೀಗ್ರೇ, ಕಬಡ್ಡಿ ನಿಂತೋಯ್ತದೆ!" ಎಂದು ಗೌಡರು ನನ್ನ ಕಾಲು ಹಿಡಿದು ಜಗ್ಗಿದರು. ಲಟ್ಟೆಂದು ಕಾಲು ಮುರಿಯಿತು. ಸದ್ಯ, ಹಾರಲಿಲ್ಲ.

ಈಗ ನನ್ನ ಬಣ್ಣ ಮಾಸಿದೆ. ಮುರಿದ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದ್ದಾರೆ. ಊರಲ್ಲಿ ಕಬಡ್ಡಿ ನಡೆಯುತ್ತಲೇ ಇದೆ. ಆಟಗಾರರಿಗಿಂತ ಮೊದಲು ಬೀಗರಿಗೆ ಕರೆ ಹೋಗುತ್ತದೆ. ನನ್ನನ್ನು ಮೇಷ್ಟ್ರಿಗೆಂದೇ ಅಂಕಣದ ಪಕ್ಕ ಇಡುತ್ತಾರೆ. ವಿರಾಮದಲ್ಲಿ ಅವರು ನನ್ನ ಬಳಿಗೆ ಬಂದರೆ ನನಗೆ ನಾಚಿಕೆಯೂ ಆಗುತ್ತದೆ, ಸುಖವೂ ಆಗುತ್ತದೆ. ಪಾಪ, ನನ್ನನ್ನು ಕಂಡೊಡನೆ ಒಮ್ಮೆ ತಲೆ ಬಗ್ಗಿಸುತ್ತಾರೆ, ಆಮೇಲೆ ಕೂರುತ್ತಾರೆ.