ಆಫೀಸ್ ಮಡಿ

ಅರವತ್ತನಾಲ್ಕರ ಮಾತು. ಜಯನಗರದ ಮೂರನೇ ಬ್ಲಾಕಿನಲ್ಲಿ ಆಗಿನ್ನೂ ಮನೆಗಳಿಗಿಂತ ಜಲ್ಲಿ ರಾಶಿಗಳೇ ಹೆಚ್ಚು. ಅಲ್ಲಿ ಬಸ್ ಸ್ಟಾಪಿಗೆ ಹತ್ತಿರವಿದ್ದ ಒಂದು ಹೊಸ ಮನೆಯಲ್ಲಿ ಬೆಳಗಿನ ಹೊತ್ತು ಇಬ್ಬರು ಹೆಂಗಸರನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಒಬ್ಬರು ಸತ್ಯಭಾಮಮ್ಮ, ಇನ್ನೊಬ್ಬಳು ಅವರ ಸೊಸೆ ಕಾತ್ಯಾಯಿನಿ.

ಸತ್ಯಭಾಮಮ್ಮನವರದು ಹಳೆಯ ಮಡಿ. ಐದು ಗಂಟೆಗೆ ತಣ್ಣೀರು ಸ್ನಾನ ಮಾಡಿ, ಮೇಲಿನ ಗಳುವಿನಿಂದ ಕೋಲಲ್ಲಿ ಸೀರೆ ಇಳಿಸಿ ಉಟ್ಟುಕೊಂಡರೆಂದರೆ ಮುಗಿಯಿತು. ದೇವರ ನೈವೇದ್ಯವಾಗಿ, ಅವರ ಊಟವೂ ಆಗುವ ತನಕ ಹೆತ್ತ ಮಗನೂ ದೂರ, ಮೊಮ್ಮಗಳೂ ದೂರ. ಕಾತ್ಯಾಯಿನಿಯದು ಹೊಸ ಮಡಿ. ಅದಕ್ಕೆ ಯಾವ ಶಾಸ್ತ್ರದ ಆಧಾರವೂ ಇರಲಿಲ್ಲ, ಅನ್ನದ ಗಂಜಿಯ ಆಧಾರವಿತ್ತು.

ಕಾತ್ಯಾಯಿನಿ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟು. ಟೈಪಿಂಗು, ಶಾರ್ಟ್‌ಹ್ಯಾಂಡು ಎರಡರಲ್ಲೂ ಮದುವೆಗೆ ಮುಂಚೆಯೇ ಪಾಸಾದವಳು. ಕೆಲಸ ಎರಡು ವರ್ಷದಿಂದ ಟೆಂಪರರಿ. ಗಂಡ ಅನಂತರಾಮು ಬೆಳಿಗ್ಗೆ ಆರಕ್ಕೆಲ್ಲ ಫ್ಯಾಕ್ಟರಿ ಬಸ್ಸು ಹತ್ತಿ ಹೋಗುವವನು. ಒಳ್ಳೆಯವನು, ಹೆಂಡತಿಯ ಕೆಲಸಕ್ಕೆ ಅಡ್ಡ ಬಂದವನಲ್ಲ, ಆ ಕೆಲಸದ ದೆಸೆಯಿಂದ ಮನೆಯಲ್ಲಿ ಏನೇನು ನಡೆಯುತ್ತದೆಂದು ನೋಡಿದವನೂ ಅಲ್ಲ. ಅವಳಿಗೆ ಕೆಲಸವೆಂದರೆ ಜೀವ. ಹಾಗೆಂದು ಬಾಯಿಬಿಟ್ಟು ಹೇಳುವುದು ಆಗ ಹೆಂಗಸರಿಗೆ ಭೂಷಣವಲ್ಲವಾದ್ದರಿಂದ, ಯಾರಾದರೂ ಕೇಳಿದರೆ, 'ಏನೋ, ಸಂಸಾರಕ್ಕೆ ಆಗುತ್ತೆ' ಅನ್ನುತ್ತಿದ್ದಳು.

ಹೊಸ ಮಡಿ ಹುಟ್ಟಿದ್ದು ಆ ವರ್ಷದ ಜೂನ್ ತಿಂಗಳಲ್ಲಿ. ಒಂದು ದಿನ ಮಗಳು ಕುಮುದಾ, ಐದು ವರ್ಷದ ಹುಡುಗಿ, ಸಾರನ್ನ ತಿಂದ ಕೈಯಲ್ಲೇ ಓಡಿಬಂದು ಅಮ್ಮನನ್ನು ಹಿಂದಿನಿಂದ ತಬ್ಬಿಕೊಂಡಿದ್ದಳು. ಆ ಕೈ ಬಿದ್ದದ್ದು ಹೆಗಲ ಹಿಂಭಾಗಕ್ಕೆ. ಪಾಪ, ಕಾತ್ಯಾಯಿನಿಗೆ ಬೆನ್ನಲ್ಲೇನೂ ಕಣ್ಣಿರಲಿಲ್ಲ. ಐದು ಬೆರಳಿನ ಹಳದಿ ಗುರುತನ್ನು ಹೊತ್ತುಕೊಂಡೇ ಬಸ್ಸು ಹತ್ತಿದಳು, ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಓಡಾಡಿದಳು. ಮೂರು ಗಂಟೆಯ ಕಾಫಿಯ ಹೊತ್ತಿಗೆ ಗುಮಾಸ್ತರೊಬ್ಬರು, "ಮೇಡಂಗೆ ಮನೇಲೇ ಮೊಹರು ಒತ್ತಿ ಕಳಿಸಿದ್ದಾರೆ" ಅಂದರು. ಇಡೀ ಸೆಕ್ಷನ್ನು ನಕ್ಕಿತು.

ಸೂಪರಿಂಟೆಂಡೆಂಟ್ ಗುರುಶಾಂತಪ್ಪನವರು ಮಾತ್ರ ನಗಲಿಲ್ಲ. ಹಣೆಯ ತುಂಬ ವಿಭೂತಿ ಇಟ್ಟುಕೊಳ್ಳುವ, ಗಟ್ಟಿಯಾಗಿ ಬೈದು ಗೊತ್ತಿಲ್ಲದ ಮನುಷ್ಯ. ಸಂಜೆ ಅವಳನ್ನು ಕರೆದು ಹೇಳಿದರು. "ನೋಡಮ್ಮಾ, ನಿಮ್ಮ ಕೆಲಸದಲ್ಲಿ ಒಂದು ತಪ್ಪು ತೆಗೆಯೋ ಹಾಗಿಲ್ಲ. ಆದ್ರೆ ಹೆಂಗಸ್ರನ್ನ ಸೇರಿಸ್ಕೊಂಡ್ರೆ ಹಿಂದೇನೇ ಅವರ ಮನೇನೂ ಬರುತ್ತೆ ಅನ್ನೋರಿದ್ದಾರೆ ಇಲ್ಲಿ. ಅವರಿಗೆ ನಾವೇ ಸಾಕ್ಷಿ ಒದಗಿಸಬಾರದು. ವರ್ಷದ ಕೊನೇಲಿ ಒಂದು ಪರ್ಮನೆಂಟ್ ಪೋಸ್ಟ್ ಬರ್ತಿದೆ."

ಆ ಭಾನುವಾರದಿಂದ ಕಾತ್ಯಾಯಿನಿ ಸೀರೆಗಳಿಗೆ ಗಂಜಿ ಹಾಕತೊಡಗಿದಳು. ಅನ್ನದ ಗಂಜಿ ಸೋಸಿ, ಚಿಟಿಕೆ ನೀಲಿ ಬೆರೆಸಿ, ಅದ್ದಿ ಒಣಗಿಸಿ, ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡಿದರೆ ಸೀರೆ ರಟ್ಟಿನ ಹಾಗೆ ನಿಲ್ಲುತ್ತಿತ್ತು. ಬೆಳಿಗ್ಗೆ ಹಳೆಯ ಸೀರೆಯಲ್ಲೇ ಮಗಳಿಗೆ ಸ್ನಾನ, ಊಟ, ಜಡೆ. ಎಂಟೂವರೆಗೆ ಇಸ್ತ್ರಿ ಸೀರೆ ಉಟ್ಟಳೆಂದರೆ, "ಇನ್ನು ಮುಟ್ಬೇಡ ಚಿನ್ನಾ."

ಬೇರೆ ಮನೆಯ ಮಗುವಾಗಿದ್ದರೆ ಅತ್ತು ರಂಪ ಮಾಡುತ್ತಿತ್ತೋ ಏನೋ. ಕುಮುದಾಳಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಅಜ್ಜಿಯನ್ನು ನೋಡಿಯೇ ಬೆಳೆದವಳು. ಇನ್ನೂ ಚಿಕ್ಕವಳಾಗಿದ್ದಾಗ ಬಟ್ಟೆ ಬಿಚ್ಚಿಹಾಕಿ ಬಂದರೆ ಅಜ್ಜಿಯನ್ನು ಮುಟ್ಟಬಹುದಿತ್ತು, ಬಟ್ಟೆಗೇ ಮೈಲಿಗೆ ಹೊರತು ಮಗುವಿಗಲ್ಲ. ಈಗ ಐದು ತುಂಬಿ ನಾಚಿಕೆ ಬಂದುಬಿಟ್ಟಿತ್ತು, ಆ ದಾರಿಯೂ ಮುಚ್ಚಿತ್ತು. ಅಜ್ಜಿಗೆ ಒಂದು ಮಡಿ ಇದ್ದರೆ ಅಮ್ಮನಿಗೂ ಒಂದಿರಬೇಕು ಅಂದುಕೊಂಡಳು. ಅದಕ್ಕೆ ಅವಳೇ ಹೆಸರಿಟ್ಟಳು: ಆಫೀಸ್ ಮಡಿ.

ಆಮೇಲೆ ಅದನ್ನು ಅಜ್ಜಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದವಳೂ ಅವಳೇ. ಸಂಜೆ ಅಮ್ಮ ಬಸ್ಸಿಳಿದು ಬರುವುದಕ್ಕೆ ಸರಿಯಾಗಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅಜ್ಜಿಯ ಕೋಲಿನ ತುದಿಗೆ ಅಮ್ಮನ ಹಳೆಯ ಸೀರೆ ಸಿಕ್ಕಿಸಿಕೊಂಡು, ಎರಡೂ ಕೈ ನೀಡಿ, "ಮೊದ್ಲು ಸೀರೆ" ಅನ್ನುತ್ತಿದ್ದಳು. ಅಮ್ಮ ಒಳಗೆ ಹೋಗಿ ಬದಲಾಯಿಸಿಕೊಂಡು ಬಂದ ಮೇಲೇ ಮಡಿಲಿಗೆ ಬರುವುದು. ಎಂಥ ಜಾಣೆ, ಎಷ್ಟು ಬೇಗ ಅರ್ಥ ಮಾಡಿಕೊಂಡಳು ಎಂದು ಕಾತ್ಯಾಯಿನಿ ಹಿಗ್ಗಿದಳು. ಕಚೇರಿಯಲ್ಲಿ ನಾಲ್ಕು ಜನರೆದುರು ಹೇಳಿಕೊಂಡೂ ಬಂದಳು.

ಪರ್ಮನೆಂಟ್ ಪೋಸ್ಟಿನ ಇಂಟರ್‌ವ್ಯೂ ಕಾರ್ತಿಕ ಮಾಸದ ಒಂದು ಶುಕ್ರವಾರ ಬಂತು. ಆ ದಿನಕ್ಕೆಂದೇ ಕೆಂಪು ಅಂಚಿನ ಬೂದು ಬಣ್ಣದ ಸೀರೆಗೆ ಎರಡು ಸಲ ಗಂಜಿ ಬಿದ್ದಿತ್ತು. ಎಂಟು ಐವತ್ತರ ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು ಮುಕ್ಕಾಲು ಗಂಟೆಯ ಮೇಲೆ. ಅಷ್ಟು ಹೊತ್ತಿಗೆ ಇಂಟರ್‌ವ್ಯೂ ಮುಗಿದೇ ಹೋಗುತ್ತಿತ್ತು. ಕಾತ್ಯಾಯಿನಿ ಗೇಟು ತೆಗೆಯುವುದಕ್ಕೂ, ಪಕ್ಕದ ಖಾಲಿ ಸೈಟಿನ ಜಲ್ಲಿ ರಾಶಿಯ ಮೇಲಿಂದ ಕುಮುದಾ ಜಾರಿ ಬೀಳುವುದಕ್ಕೂ ಸರಿಹೋಯಿತು.

ಮಗು ಕಿಟಾರನೆ ಕಿರುಚಿಕೊಂಡು ಎದ್ದು ಓಡಿಬಂತು. ಮೊಣಕಾಲು ಕೆತ್ತಿಹೋಗಿ ರಕ್ತ ಪಾದದವರೆಗೆ ಇಳಿದಿತ್ತು. ಅಂಗೈ ತುಂಬ ಮಣ್ಣು, ರಕ್ತ. ಓಡಿಬಂದವಳು ಅಮ್ಮನಿಂದ ಒಂದು ಮಾರು ದೂರದಲ್ಲಿ ಗಕ್ಕನೆ ನಿಂತುಬಿಟ್ಟಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅಳು ಕೇಳಿ ಸತ್ಯಭಾಮಮ್ಮ ಬಾಗಿಲಿಗೆ ಬಂದರು. ಕುಮುದಾ ಅತ್ತ ಎರಡು ಹೆಜ್ಜೆ ಹೋಗಿ, ಅಜ್ಜಿಯ ಮಡಿಸೀರೆ ಕಂಡು, ಅಲ್ಲೂ ನಿಂತಳು.

"ನೀನು ಆಫೀಸ್ ಮಡಿ, ಅಜ್ಜಿ ದೇವರ ಮಡಿ," ಬಿಕ್ಕುತ್ತ ಕೇಳಿದಳು. "ನಾನು ಯಾರನ್ನ ಮುಟ್ಲಮ್ಮಾ?"

ಕಾತ್ಯಾಯಿನಿಯ ಕೈ ಮುಂದೆ ಬಂತು. ಆದರೆ ಮಗಳ ಕಡೆ ಹೆಜ್ಜೆ ಇಡುವ ಮುಂಚೆ ಅವಳ ಕಣ್ಣು ಒಂದು ಸಲ, ಒಂದೇ ಸಲ, ತನ್ನ ನೆರಿಗೆಗಳ ಮೇಲೆ ಹೋಯಿತು. ಅತ್ತ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು.

ಅಷ್ಟರಲ್ಲಿ ಸತ್ಯಭಾಮಮ್ಮ ಮೆಟ್ಟಿಲಿಳಿದು ಬಂದು ಮೊಮ್ಮಗಳನ್ನು ಬಾಚಿ ಎತ್ತಿಕೊಂಡಿದ್ದರು. ರಕ್ತ, ಮಣ್ಣು, ಸಿಂಬಳ ಎಲ್ಲ ಮಡಿಸೀರೆಗೆ. ಮದುವೆಯಾಗಿ ಬಂದಾಗಿನಿಂದ ಕಾತ್ಯಾಯಿನಿ ಇದನ್ನು ಕಂಡಿರಲಿಲ್ಲ.

"ಅತ್ತೆ, ನಿಮ್ಮ ಮಡಿ..."

"ನನ್ನ ಮಡಿ ಎರಡು ಚೊಂಬು ನೀರು ಹುಯ್ಕೊಂಡ್ರೆ ವಾಪಸ್ ಬರುತ್ತೆ. ನಿನ್ನದು ನೀರು ಬಿದ್ರೆ ಹೋಗುತ್ತೆ. ನಿಂತು ನೋಡ್ತೀಯಲ್ಲೇ, ಬಸ್ಸು ಬಂತು, ಓಡು!"

ಸೊಸೆ ಕೆಲಸಕ್ಕೆ ಹೋಗುವುದು ಅವರಿಗೆ ಎಂದೂ ಹಿಡಿಸಿದ್ದಲ್ಲ. ಅಂಥವರೇ ಓಡೆಂದಾಗ ಕಾತ್ಯಾಯಿನಿ ಓಡಿದಳು. ಸೀರೆ ಒಂದಿಷ್ಟೂ ಮುಕ್ಕಾಗಲಿಲ್ಲ. ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು ಲಾಲ್‌ಬಾಗಿನ ಗೋಡೆ ಮುಗಿಯುವವರೆಗೂ ಅತ್ತಳು, ಸೆರಗಿನಲ್ಲಲ್ಲ, ಕರ್ಚೀಫಿನಲ್ಲಿ.

ಇಂಟರ್‌ವ್ಯೂ ಚೆನ್ನಾಗಿಯೇ ಆಯಿತು. ಮೇಲಧಿಕಾರಿ ಜಯಸಿಂಹ ಕೊಟ್ಟ ಡಿಕ್ಟೇಷನ್ನಿನಲ್ಲಿ ಒಂದು ಅಕ್ಷರ ತಪ್ಪಲಿಲ್ಲ. ಕೊನೆಗೆ ಅವರು ಕನ್ನಡಕ ತೆಗೆದು, "ಮನೇಲಿ ಚಿಕ್ಕ ಮಗು ಇದೆಯಂತೆ. ಕೆಲಸಕ್ಕೆ ಅಡ್ಡಿ ಆಗೋದಿಲ್ವೆ?" ಎಂದು ಕೇಳಿದರು.

"ಇಲ್ಲ ಸಾರ್" ಎಂದು ಅವಳು ಹೇಳುವುದರೊಳಗೆ, ಅವಳಿಗೆ ಒಳ್ಳೆಯದಾಗಲಿ ಎಂದೇ, ಸಾಹೇಬರ ಪಕ್ಕದಲ್ಲಿ ಕೂತಿದ್ದ ಗುರುಶಾಂತಪ್ಪನವರು ನಡುವೆ ಬಾಯಿ ಹಾಕಿದರು. "ಆರು ತಿಂಗಳಿಂದ ನೋಡ್ತಿದ್ದೀನಿ ಸಾರ್. ಇವರನ್ನ ನೋಡಿದ್ರೆ ಇವರಿಗೊಂದು ಮಗು ಇದೆ ಅಂತ್ಲೇ ಅನ್ನಿಸೋದಿಲ್ಲ."

ಆರು ತಿಂಗಳು ಗಂಜಿ ಹಾಕಿದ್ದು ಈ ಒಂದು ಮಾತಿಗಾಗಿ. ಅದು ಸಿಕ್ಕಿದಾಗ ಯಾರೋ ಕಪಾಳಕ್ಕೆ ಬಿಟ್ಟ ಹಾಗಾಯಿತು. ಕಾತ್ಯಾಯಿನಿ ಥ್ಯಾಂಕ್ಸ್ ಹೇಳಿ, ನಮಸ್ಕಾರ ಮಾಡಿ ಹೊರಗೆ ಬಂದಳು.

ಸಂಜೆ ಮನೆಗೆ ಬಂದಾಗ ಕುಮುದಾ ಎಂದಿನಂತೆ ಬಾಗಿಲಲ್ಲಿದ್ದಳು. ಮೊಣಕಾಲಿಗೆ ಅರಿಸಿನ ಮೆತ್ತಿ ಬಟ್ಟೆ ಕಟ್ಟಿತ್ತು. ಕೈಯಲ್ಲಿ ಕೋಲು, ಕೋಲಿನ ತುದಿಯಲ್ಲಿ ಸೀರೆ. ಒಂಟಿ ಕಾಲಿಗೆ ಭಾರ ಹಾಕಿ ನಿಂತಿದ್ದಳು.

"ನೋವಾಯ್ತಾ ಕಂದಾ? ಬಾ ಇಲ್ಲಿ," ಎಂದು ಕಾತ್ಯಾಯಿನಿ ಮೆಟ್ಟಿಲ ಮೇಲೇ ಕೂತು ಕೈ ಚಾಚಿದಳು.

"ಮೊದ್ಲು ಸೀರೆ."

"ಇವತ್ತು ಬೇಡ, ಹಾಗೇ ಬಾ."

"ಮಡಿ ಕೆಡುತ್ತೆ," ಎಂದು ಕುಮುದಾ ಒಂದು ಹೆಜ್ಜೆ ಹಿಂದೆ ಸರಿದಳು. ಮುನಿಸಿಲ್ಲ, ಹಟವಿಲ್ಲ. ಮುನಿಸಿಕೊಂಡಿದ್ದರೆ ರಮಿಸಬಹುದಿತ್ತು. ತಾನು ಕಲಿಸಿದ ಪಾಠವನ್ನು ಮಗಳು ಒಪ್ಪಿಸುತ್ತಿದ್ದಳು ಅಷ್ಟೆ. ಇನ್ನು ನಾಲ್ಕು ವರ್ಷ ಹೀಗೇ ಹೋದರೆ ಇವಳು ಕೋಲು ಹಿಡಿದು ಬಾಗಿಲಿಗೂ ಬರಲಾರಳು ಅನ್ನಿಸಿ ಕಾತ್ಯಾಯಿನಿಗೆ ನಿಜವಾಗಿ ಭಯವಾಯಿತು.

ಕಾಲು ತೊಳೆಯಲೆಂದು ಮೆಟ್ಟಿಲ ಪಕ್ಕ ಬಕೆಟ್ಟು, ಚೊಂಬು ಇದ್ದೇ ಇದ್ದವು. ಕಾತ್ಯಾಯಿನಿ ಒಂದು ಚೊಂಬು ನೀರು ಮೊಗೆದು ಹೆಗಲ ಮೇಲಿಂದ ಸುರಿದುಕೊಂಡಳು. ಇನ್ನೊಂದು ಚೊಂಬು ಮಡಿಲ ಮೇಲೆ. ಎರಡು ಸಲ ಗಂಜಿ ಉಂಡ ಸೀರೆ ಅಂಟು ಅಂಟಾಗಿ ಮೈಗೆ ಮೆತ್ತಿಕೊಂಡಿತು. ನೆರಿಗೆ ಎಲ್ಲ ಮುದ್ದೆಯಾಯಿತು.

"ನೋಡು, ಹೋಯ್ತು ಮಡಿ. ಈಗ ಬರ್ತೀಯಾ?"

ಕುಮುದಾ ಬಾಯಿ ತೆರೆದುಕೊಂಡು ನೋಡಿದಳು. ಬಗ್ಗಿ, ಬೆರಳ ತುದಿಯಿಂದ ಸೆರಗನ್ನು ಮುಟ್ಟಿ ಪರೀಕ್ಷೆ ಮಾಡಿದಳು. ಆಮೇಲೆ ಕೋಲು ಅತ್ತ ಬಿತ್ತು, ಒಣ ಸೀರೆ ಇತ್ತ ಬಿತ್ತು, ಮಗು ಅಮ್ಮನ ಕುತ್ತಿಗೆಗೆ ಜೋತುಬಿದ್ದು ಬೆಳಗಿನಿಂದ ಕೂಡಿಟ್ಟ ಅಳುವನ್ನೆಲ್ಲ ಅತ್ತಿತು.

ಒಳಗಿನಿಂದ ಎರಡು ಸಲ ಸೀನಿ ಸತ್ಯಭಾಮಮ್ಮ ಹೊರಗೆ ಬಂದರು. ಬೆಳಿಗ್ಗೆ ಮತ್ತೆ ಸ್ನಾನ ಮಾಡಿ, ಒಣಗಿದ್ದ ಮಡಿಸೀರೆ ಇನ್ನೊಂದಿಲ್ಲದೆ ಒದ್ದೆಯದನ್ನೇ ಉಟ್ಟುಕೊಂಡಿದ್ದರು. "ಒಳ್ಳೇ ಸೀರೆ ಹಾಳು ಮಾಡ್ಕೊಂಡ್ಯಲ್ಲೇ. ನಿನಗೇನು ಬಂತು?"

"ನಿಮ್ಮದೂ ಹಾಳಾಯ್ತಲ್ಲ ಅತ್ತೆ, ಬೆಳಿಗ್ಗೆ."

ಅವರು ಬಿದ್ದಿದ್ದ ಕೋಲನ್ನು ಎತ್ತಿ ಗೋಡೆಗೆ ಒರಗಿಸಿದರು. "ಶೀತ ಆಗುತ್ತೆ, ಇಬ್ಬರೂ ಒಳಗೆ ಬನ್ನಿ. ಕಾಫಿ ಬೆರೆಸ್ತೀನಿ," ಅಂದರು.

ಶನಿವಾರ ಬೆಳಿಗ್ಗೆ ಕಾತ್ಯಾಯಿನಿ ಎಂದಿನಂತೆ ಇಸ್ತ್ರಿ ಸೀರೆಯನ್ನೇ ಉಟ್ಟಳು. ಕಚೇರಿಗೆ ಹೋಗಲೇಬೇಕು, ಆರ್ಡರ್ ಇನ್ನೂ ಬಂದಿರಲಿಲ್ಲ. ಗೇಟಿನ ಹತ್ತಿರ ಬಂದರೆ ಕುಮುದಾ ಆಗಲೇ ಅಲ್ಲಿ ನಿಂತಿದ್ದಾಳೆ, ಎರಡೂ ಕೈಯಲ್ಲಿ ತುಂಬಿದ ಚೊಂಬು ಹಿಡಿದುಕೊಂಡು.

"ಸುರೀಲಾ ಅಮ್ಮಾ?"

ಕಾತ್ಯಾಯಿನಿಗೆ ನಗು ತಡೆಯಲಾಗಲಿಲ್ಲ. ಚೊಂಬು ಇಸಿದುಕೊಂಡು ಕೆಳಗಿಟ್ಟು, ಮಗಳ ಎದುರು ಕುಕ್ಕರುಗಾಲಲ್ಲಿ ಕೂತಳು. ಗಂಜಿ ಸೀರೆ ಪರಪರ ಎಂದಿತು. "ನೀರು ಬೇಡ. ಹಾಗೇ ಬಾ."

"ಕೈ ತೊಳೆದಿಲ್ಲ."

"ಪರವಾಗಿಲ್ಲ."

ಕುಮುದಾ ಯೋಚನೆ ಮಾಡಿ, ಮೆಲ್ಲಗೆ ಬಂದು, ಅಮ್ಮನ ಎಡಹೆಗಲ ಮೇಲೆ ಅಂಗೈ ಊರಿದಳು. ಬೆಳಗಿನ ಸಾರನ್ನದ ಐದು ಬೆರಳೂ ಅಚ್ಚಾಗಿ ಮೂಡಿದವು. ಬಸ್ಸು ಬಂತು.

ಸುಳ್ಳು ಯಾಕೆ ಹೇಳಬೇಕು? ಕಚೇರಿಯ ಮೆಟ್ಟಿಲು ಹತ್ತುವಾಗ ಕಾತ್ಯಾಯಿನಿ ಸೆರಗನ್ನು ಎಳೆದು ಎರಡೂ ಹೆಗಲ ಮೇಲೆ ಹೊದ್ದುಕೊಂಡಳು. ಆ ಕೆಲಸ ಅವಳಿಗೆ ಬೇಕಿತ್ತು. ಎದುರಿಗೆ ಸಿಕ್ಕ ಗುರುಶಾಂತಪ್ಪನವರು, "ಏನಮ್ಮಾ, ಹೊದ್ಕೊಂಡು ಬಂದಿದ್ದೀರಿ? ಚಳಿಯೇ?" ಅಂದರು.

"ಇಲ್ಲ ಸಾರ್," ಅಂದಳು ಕಾತ್ಯಾಯಿನಿ. ಎರಡು ಹೆಜ್ಜೆ ಮುಂದೆ ಹೋದವಳು ನಿಂತಳು. "ಮಗಳು ಕೈ ಇಟ್ಟಿದ್ದಾಳೆ ಸಾರ್. ಮರೆ ಮಾಡಿದ್ದೀನಿ, ಒರೆಸಿಲ್ಲ."